ಬೇಸ್‌ಬಾಲ್ ಮೈದಾನದಲ್ಲಿ ಸಂಖ್ಯಾಶಾಸ್ತ್ರ

1941ನೆಯ ಇಸವಿ ಸೆಪ್ಟೆಂಬರ್ 28ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಟೆಡ್ ವಿಲಿಯಮ್ಸ್ ಎಂಬ ಇಪ್ಪತ್ತಮೂರು ವರ್ಷದ ಬೇಸ್‌ಬಾಲ್ ಆಟಗಾರನು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗಿತ್ತು. ಅಂದು ಆ ವರ್ಷದ ಪಂದ್ಯಗಳ ಕೊನೆಯ ದಿನ. ಬೋಸ್ಟನ್ ನಗರದ ರೆಡ್ ಸಾಕ್ಸ್ ತಂಡವು ಆ ಊರಿನ ಅಥ್ಲೆಟಿಕ್ಸ್ ತಂಡದೊಡನೆ ಒಂದೇ ದಿನ ಎರಡು ಪಂದ್ಯಗಳನ್ನಾಡಬೇಕಾಗಿತ್ತು. ರೆಡ್ ಸಾಕ್ಸ್ ತಂಡದ ದಾಂಡಿಗನಾದ ವಿಲಿಯಮ್ಸನು ಅದುವರೆಗೆ ಲೆಕ್ಕಕ್ಕೆ ಸೇರಿದ 448 ಸರದಿಗಳಲ್ಲಿ 179 ಸಫಲ ಹೊಡೆತಗಳನ್ನು ಗಳಿಸಿದ್ದನು. 179ನ್ನು 448ರಿಂದ ಭಾಗಿಸಿದರೆ 0.39955 ಬರುತ್ತದೆ. ಮೂರು ದಶಮಾಂಶ ಸ್ಥಾನಗಳಿಗೆ ಸರಿಪಡಿಸಿದರೆ ಅದು 0.400. ಬೇಸ್‌ಬಾಲ್ ಪ್ರಪಂಚದಲ್ಲಿ ಈ 0.400 ಎಂಬುದು ಬಹು ದೊಡ್ಡ ಗೌರವದ ಮಾತು. ತಂಡದ ಮ್ಯಾನೇಜರನಾದ ಜೋ ಕ್ರೋನಿನ್ನನು, ಬೇಕಾದರೆ ಆಡದೆ ಕುಳಿತು ಆ ಗೌರವವನ್ನು ಉಳಿಸಿಕೊಳ್ಳಬಹುದೆಂದು ಅವನಿಗೆ ಸೂಚಿಸಿದನು. ಆಡಬೇಕೇ, ಕುಳಿತುಕೊಳ್ಳಬೇಕೇ?

ವಾಚಕರಲ್ಲಿ ಗಣಿತದ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಎರಡು ಪಂದ್ಯಗಳಲ್ಲಿ ಎಂಟು ಸರದಿಗಳು ಬರುತ್ತವೆಯೆಂದಿಟ್ಟುಕೊಳ್ಳೋಣ. ಆಗ ಒಟ್ಟು ಸರದಿಗಳು 456. ಎಂಟರಲ್ಲಿ ಮೂರು ಹೊಡೆತಗಳು ಬಂದರೆ 182ನ್ನು 456ರಿಂದ ಭಾಗಿಸಬೇಕು, ಫಲ 0.399. ನಾಲ್ಕು ಬಂದರೆ 0.401. ಎಂದರೆ ಎಂಟರಲ್ಲಿ ನಾಲ್ಕಾದರೂ ಸಫಲವಾಗಬೇಕು. ಪ್ರತಿಯೊಂದು ಸರದಿಯಲ್ಲಿಯೂ ಆತನ ಸಫಲತೆಯ ಸಂಭವನೀಯತೆ 0.4 ಎಂದು ಹಿಡಿದು, 0.6 ಮತ್ತು 0.4ರ ಮೊತ್ತದ ಎಂಟನೆಯ ಘಾತವನ್ನು ದ್ವಿಪದ ಪ್ರಮೇಯದಂತೆ ವಿಸ್ತರಿಸಿದರೆ, ಸೊನ್ನೆಯಿಂದ ಮೂರರವರೆಗಿನ ಹೊಡೆತಗಳ ಸಂಭವನೀಯತೆಗಳು ಕ್ರಮವಾಗಿ 0.017, 0.090, 0.209, 0.279 ಆಗುತ್ತವೆ. ಇವುಗಳ ಮೊತ್ತ ಸುಮಾರು 0.59. ಉಳಿದದ್ದು 0.41. ಆದುದರಿಂದ ಆಡಿದರೆ ಗೌರವವು ಉಳಿಯುವ ಸಂಭವಕ್ಕಿಂತ ಕಳೆದುಹೋಗುವ ಸಂಭವವೇ ಹೆಚ್ಚಾಗಿತ್ತು.

ವಿಲಿಯಮ್ಸನು ಆಡಿದನು. ಮೊದಲನೆಯ ಪಂದ್ಯದಲ್ಲಿ ಐದಕ್ಕೆ ನಾಲ್ಕು ಹೊಡೆತಗಳು. ಅಲ್ಲಿಗೆ ಸರಾಸರಿಯು 0.404ಕ್ಕೆ ಏರಿತು, ಎರಡನೆಯ ಪಂದ್ಯದಲ್ಲಿ ನಾಲ್ಕು ಸಲ ಸೋತರೂ 0.400 ಕೈಬಿಡುತ್ತಿರಲಿಲ್ಲ. ಆ ಪಂದ್ಯದಲ್ಲಿಯೂ ಮೂರಕ್ಕೆ ಎರಡು ಬಂದವು. ವರ್ಷದ ಕೊನೆಗೆ 456 ಸರದಿಗಳಲ್ಲಿ 185 ಹೊಡೆತಗಳು, ಸರಾಸರಿ 0.406. ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳಲ್ಲಿ ಅವನ ತರುವಾಯ ಇಂದಿನವರೆಗೆ ಯಾರೂ ಒಂದು ಪೂರ್ಣ ವರ್ಷದಲ್ಲಿ 0.400ನ್ನು ಮುಟ್ಟಿಲ್ಲ.

ಈ ಆಟದ ಅಭಿಮಾನಿಗಳಾದ ನಾವು ಆ ದಿನದ ಕಥೆಯನ್ನು ಎಷ್ಟು ಸಲ ಕೇಳಿದರೂ ಬೇಸರಪಡುವುದಿಲ್ಲ. ಆದರೆ ಅದೇ ವರ್ಷದ ವಿಲಿಯಮ್ಸನ ಲೆಕ್ಕದಲ್ಲಿ ಇನ್ನೊಂದು ಸಂಖ್ಯೆಯಿದೆ. ಅದನ್ನು ಬಲ್ಲವರು ಕಡಮೆ. ಆ ಸಂಖ್ಯೆ 147. ಅದೇನೆಂಬುದನ್ನು ತಿಳಿಯಬೇಕಾದರೆ ಆಟದ ನಿಯಮಗಳನ್ನು ಸ್ವಲ್ಪ ಅರಿಯಬೇಕು.

ಬೇಸ್‌ಬಾಲ್ ಮೈದಾನದಲ್ಲಿ ತೊಂಬತ್ತು ಅಡಿ ಭುಜವುಳ್ಳ ಒಂದು ಚೌಕವಿದೆ. ಅದರ ನಾಲ್ಕು ಮೂಲೆಗಳೇ ಬೇಸುಗಳು. ದಾಂಡಿಗನು ಚೆಂಡನ್ನು ಹೊಡೆದು ಒಂದರಿಂದ ಒಂದಕ್ಕೆ ಓಡುತ್ತ, ಸುತ್ತು ಮುಗಿಸಿ ಹೊರಟಲ್ಲಿಗೇ ಬಂದರೆ ಒಂದು ಓಟ. ತಂಡದ ಮೂವರು ಔಟಾದರೆ ಅದರ ಇನ್ನಿಂಗ್ಸ್ ಮುಗಿಯಿತು. ಹೀಗೆ ಒಂದೊಂದು ತಂಡಕ್ಕೆ ಒಂಬತ್ತು ಇನ್ನಿಂಗ್ಸ್‌ಗಳು. ನಮ್ಮ ಕ್ರಿಕೆಟ್ಟಿನಲ್ಲಿ ಹತ್ತು ವಿಕೆಟ್ಟುಗಳು ಹೇಗೋ ಹಾಗೆ ಇಲ್ಲಿ ಇಪ್ಪತ್ತೇಳು ಔಟುಗಳೇ ತಂಡದ ಸಮಸ್ತ ಬಂಡವಾಳ. ಚೆಂಡೆಸೆಯುವ ಪಿಚರನು ಗೊತ್ತಾದ ಮೇರೆಯ ಹೊರಗೆ ನಾಲ್ಕು ಚೆಂಡುಗಳನ್ನೆಸೆದು, ದಾಂಡಿಗನು ಅವಕ್ಕೆ ಆಸೆಪಡದೆ ಬಿಟ್ಟರೆ, ಆತನು ಹೊಡೆಯದೆಯೇ ಮೊದಲನೆಯ ಬೇಸಿಗೆ ನಡೆದುಹೋಗಬಹುದು. ಇದಕ್ಕೆ ‘ವಾಕ್’ ಎಂದು ಹೆಸರು. 1941ರಲ್ಲಿ ವಿಲಿಯಮ್ಸನು 147 ಸಲ ಹೀಗೆ ನಡೆದುಹೋದನು.

ಈ 147ರಲ್ಲಿ ಒಂದಾದರೂ 0.406ರಲ್ಲಿ ಸೇರಿಲ್ಲ. ಹೊಡೆತದ ಸರಾಸರಿಯಲ್ಲಿ ವಾಕ್ ಸಫಲತೆಯೂ ಅಲ್ಲ, ಸರದಿಯೂ ಅಲ್ಲ. ಅದು ನಡೆಯಲೇ ಇಲ್ಲವೆಂಬಂತೆ ಬಿಟ್ಟುಬಿಡುತ್ತಾರೆ. ಈ ಪದ್ಧತಿಯ ಮೂಲವನ್ನು ಹುಡುಕುತ್ತ ಹೋದರೆ ನಾವು ಕ್ರಿಕೆಟ್ಟನ್ನೇ ಸೇರುತ್ತೇವೆ. ಬೇಸ್‌ಬಾಲಿನ ಅಂಕಿ ಅಂಶಗಳಿಗೆ ತಳಹದಿ ಹಾಕಿದ ಹೆನ್ರಿ ಚಾಡ್ವಿಕ್ಕನು 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋಗಿ, ಅಲ್ಲಿ ಪತ್ರಿಕೆಗಳಿಗೆ ಕ್ರಿಕೆಟ್ ವರದಿಗಳನ್ನು ಬರೆಯುತ್ತಿದ್ದವನು. ಕ್ರಿಕೆಟ್ಟಿನಲ್ಲಿ ವಾಕ್ ಎಂಬುದಿಲ್ಲ. ಚಾಡ್ವಿಕ್ಕನ ದೃಷ್ಟಿಯಲ್ಲಿ ವಾಕ್ ಎಂಬುದು ಪಿಚರನ ದೋಷವೇ ಹೊರತು ದಾಂಡಿಗನ ಗುಣವಲ್ಲ. 1887ರಲ್ಲಿ ಒಂದೇ ಒಂದು ವರ್ಷ ವಾಕನ್ನು ಹೊಡೆತವೆಂದು ಎಣಿಸಿ ನೋಡಿದರು. ಸರಾಸರಿಗಳು ಬಲೂನಿನಂತೆ ಉಬ್ಬಿದವು. ಮರುವರ್ಷವೇ ಅದನ್ನು ಕೈಬಿಟ್ಟರು.

ಆದರೆ ತಂಡಕ್ಕೆ ಬೇಕಾದದ್ದೇನು? ಔಟಾಗದಿರುವುದು. ಬೇಸಿಗೆ ಹೊಡೆದು ಹೋದರೂ ನಡೆದು ಹೋದರೂ ಬಂಡವಾಳದಿಂದ ಒಂದು ಔಟು ಖರ್ಚಾಗುವುದಿಲ್ಲ. ಈ ವಿಚಾರವನ್ನು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಆಡಳಿತ ನಡೆಸಿದ್ದ ಬ್ರಾಂಚ್ ರಿಕಿಯು ಅಂಕಿತಜ್ಞನಾದ ಆಲನ್ ರಾತನ ನೆರವಿನಿಂದ ಮನಗಂಡು, 1954ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬರೆದನು. ಹೊಡೆತಗಳು, ವಾಕುಗಳು, ಚೆಂಡು ಮೈಗೆ ತಾಗಿ ಬೇಸು ಸೇರಿದ ಸಂದರ್ಭಗಳು, ಇವುಗಳನ್ನೆಲ್ಲ ಕೂಡಿಸಿ ಒಟ್ಟು ಸಂದರ್ಭಗಳಿಂದ ಭಾಗಿಸಿದರೆ ‘ಬೇಸ್ ತಲಪುವ ಪ್ರಮಾಣ’ ದೊರೆಯುತ್ತದೆ. ವಿಲಿಯಮ್ಸನಿಗೆ ಇದನ್ನು ಹಾಕಿ ನೋಡೋಣ: 185, 147 ಮತ್ತು 3 ಸೇರಿ 335, ಅದನ್ನು 606ರಿಂದ ಭಾಗಿಸಿದರೆ 0.553. ನೂರಕ್ಕೆ ಐವತ್ತೈದು ಸಲ ಆತನನ್ನು ಔಟು ಮಾಡಲು ಎದುರಾಳಿಗಳಿಂದ ಆಗಲಿಲ್ಲ! ಅದೇ ವರ್ಷ ಸತತವಾಗಿ 56 ಪಂದ್ಯಗಳಲ್ಲಿ ಹೊಡೆತ ಗಳಿಸಿದ ಜೋ ಡಿಮ್ಯಾಜಿಯೋನ ಪ್ರಮಾಣ 0.440. ಆದರೂ ಅಮೆರಿಕನ್ ಲೀಗಿನ ವರ್ಷದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಡಿಮ್ಯಾಜಿಯೋನಿಗೆ ಹೋಯಿತು. ರಿಕಿ ಬರೆದ ಮೇಲೂ ಈ ಪ್ರಮಾಣವು ಅಧಿಕೃತ ಪಟ್ಟಿಗಳನ್ನು ಸೇರಲು 1984ರವರೆಗೆ ಕಾಯಬೇಕಾಯಿತು.

ಔಟಿನ ಬೆಲೆಯೆಷ್ಟೆಂಬುದನ್ನು ಅಳೆಯಲು ಸಾಧ್ಯವೇ? ಸಾಧ್ಯವೆಂದು ಜಾರ್ಜ್ ಲಿಂಡ್ಸೆ ಎಂಬ ಕೆನಡಾದ ವಿಜ್ಞಾನಿ ತೋರಿಸಿಕೊಟ್ಟನು. ರಕ್ಷಣಾ ಇಲಾಖೆಯ ಕಾರ್ಯಾಚರಣೆಗಳ ಲೆಕ್ಕಾಚಾರ ಆತನ ಉದ್ಯೋಗ. ನೂರಾರು ಪಂದ್ಯಗಳ ಪ್ರತಿಯೊಂದು ಘಟನೆಯನ್ನೂ ಗುರುತುಹಾಕಿಕೊಂಡು ಅವನಿಗೆ ಸಾಮಗ್ರಿ ಒದಗಿಸಿದವನು ಅವನ ತಂದೆ. ಇಂಥ ತಂದೆ ಸಿಕ್ಕುವುದೂ ಒಂದು ಭಾಗ್ಯವೇ. 1963ರಲ್ಲಿ ಲಿಂಡ್ಸೆಯು ಪ್ರಕಟಿಸಿದ ಕೋಷ್ಟಕದಲ್ಲಿ ಮೂರು ಬೇಸುಗಳಲ್ಲಿ ಯಾರಿದ್ದಾರೆ, ಎಷ್ಟು ಮಂದಿ ಔಟಾಗಿದ್ದಾರೆ ಎಂಬ ಒಂದೊಂದು ಸ್ಥಿತಿಯಿಂದಲೂ ಆ ಇನ್ನಿಂಗ್ಸ್ ಮುಗಿಯುವ ಹೊತ್ತಿಗೆ ಸರಾಸರಿ ಎಷ್ಟು ಓಟಗಳು ಬರುತ್ತವೆ ಎಂಬುದಿದೆ. ಬೇಸಿನಲ್ಲಿರುವವರ ವಿಧಗಳು ಎಂಟು, ಔಟಿನ ವಿಧಗಳು ಮೂರು; ಒಟ್ಟು ಇಪ್ಪತ್ತನಾಲ್ಕು ಸ್ಥಿತಿಗಳು.

ಮ್ಯಾನೇಜರುಗಳಿಗೆ ಬಹುಕಾಲ ಪ್ರಿಯವಾಗಿದ್ದ ಒಂದು ತಂತ್ರವನ್ನು ಈ ಕೋಷ್ಟಕಕ್ಕೆ ಒಡ್ಡಿ ನೋಡಬಹುದು. ಮೊದಲನೆಯ ಬೇಸಿನಲ್ಲಿ ಒಬ್ಬನಿದ್ದಾನೆ, ಯಾರೂ ಔಟಾಗಿಲ್ಲ. ಆಗ ದಾಂಡಿಗನು ಚೆಂಡನ್ನು ಮೆಲ್ಲಗೆ ತಟ್ಟಿ ಹತ್ತಿರದಲ್ಲೇ ಉರುಳಿಸಿ, ತಾನು ಔಟಾಗಿ, ಜೊತೆಗಾರನನ್ನು ಎರಡನೆಯ ಬೇಸಿಗೆ ದಾಟಿಸುತ್ತಾನೆ. ಇದಕ್ಕೆ ತ್ಯಾಗದ ಬಂಟ್ ಎಂದು ಹೆಸರು. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಕೋಷ್ಟಕವೇನು ಹೇಳುತ್ತದೆ? ಬಂಟಿಗೆ ಮುಂಚೆ ನಿರೀಕ್ಷಿತ ಓಟಗಳು ಸುಮಾರು 0.81. ಬಂಟ್ ಸಫಲವಾದ ಮೇಲೆ, ಎರಡನೆಯ ಬೇಸಿನಲ್ಲಿ ಒಬ್ಬ ಮತ್ತು ಒಂದು ಔಟು ಇರುವಾಗ, ಸುಮಾರು 0.67. ಅಂದುಕೊಂಡಂತೆಯೇ ಎಲ್ಲವೂ ನಡೆದು, ಎಲ್ಲರೂ ಮೆಚ್ಚಿ, ತಂಡಕ್ಕೆ ನಷ್ಟ!

ಇಲ್ಲಿ ವಿದ್ಯಾರ್ಥಿಗಳು ಆತುರಪಡಬಾರದು. ಸರಾಸರಿ ಎಷ್ಟು ಓಟಗಳು ಬರುತ್ತವೆ ಎಂಬುದು ಒಂದು ಪ್ರಶ್ನೆ. ಒಂದಾದರೂ ಓಟ ಬರುವ ಸಂಭವನೀಯತೆ ಎಷ್ಟೆಂಬುದು ಬೇರೆ ಪ್ರಶ್ನೆ. ಎರಡನೆಯದನ್ನು ಕೇಳಿದರೆ ಬಂಟಿಗೆ ಮುಂಚೆಯೂ ಆಮೇಲೂ ಉತ್ತರ ಹೆಚ್ಚುಕಡಮೆ ಒಂದೇ, ಹತ್ತಕ್ಕೆ ನಾಲ್ಕು. ಕೊನೆಯ ಇನ್ನಿಂಗ್ಸಿನಲ್ಲಿ ಒಂದೇ ಓಟದಿಂದ ಗೆಲ್ಲುವಂತಿದ್ದು, ದಾಂಡು ಹಿಡಿದವನು ದುರ್ಬಲನಾಗಿದ್ದರೆ, ಬಂಟ್ ಮಾಡಿಸುವ ಮ್ಯಾನೇಜರನನ್ನು ನಾವು ಹಳಿಯಲಾರೆವು. ಮೊದಲನೆಯ ಇನ್ನಿಂಗ್ಸಿನಲ್ಲಿ ಸಮರ್ಥ ದಾಂಡಿಗನಿಂದ ಮಾಡಿಸಿದರೆ ಮಾತ್ರ ಹಳಿಯುತ್ತೇವೆ.

ತಂಡದ ಆಡಳಿತದಲ್ಲಿ ಈ ವಿಚಾರಗಳು ಹಣದ ರೂಪದಲ್ಲಿ ಪರೀಕ್ಷೆಗೊಳಗಾದದ್ದು 2002ರಲ್ಲಿ. ವಿಲಿಯಮ್ಸನೆದುರು ಆಡಿದ ಫಿಲಡೆಲ್ಫಿಯಾದ ಅಥ್ಲೆಟಿಕ್ಸ್ ತಂಡವು 1955ರಲ್ಲಿ ಕಾನ್ಸಾಸ್ ಸಿಟಿಗೂ 1968ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿಗೂ ವಲಸೆ ಹೋಗಿತ್ತು. 2002ರಲ್ಲಿ ಅದು ಆಟಗಾರರಿಗೆ ಕೊಡುತ್ತಿದ್ದ ಸಂಬಳ ಸುಮಾರು 4 ಕೋಟಿ ಡಾಲರ್. ನ್ಯೂಯಾರ್ಕಿನ ಯಾಂಕೀಸ್ ತಂಡವು ಅದರ ಮೂರು ಪಟ್ಟು ಕೊಡುತ್ತಿತ್ತು. ಓಕ್ಲೆಂಡಿನ ಶ್ರೇಷ್ಠ ದಾಂಡಿಗನಾದ ಜೇಸನ್ ಜಿಯಾಂಬಿಯನ್ನೂ ಯಾಂಕೀಸರೇ ಕೊಂಡೊಯ್ದಿದ್ದರು. ಆಡಳಿತಗಾರನಾದ ಬಿಲ್ಲಿ ಬೀನನು ಪೇಟೆಯಲ್ಲಿ ಸರಾಸರಿಗೆ ಬೆಲೆ ಹೆಚ್ಚು, ವಾಕಿಗೆ ಬೆಲೆ ಕಡಮೆ ಎಂಬುದನ್ನು ಕಂಡುಕೊಂಡು, ವಾಕುಗಳನ್ನು ಬಲ್ಲವರನ್ನು ಅಗ್ಗವಾಗಿ ಆರಿಸಿದನು. ಸ್ಕಾಟ್ ಹ್ಯಾಟೆಬರ್ಗ್ ಅಂಥವರಲ್ಲೊಬ್ಬ. ಮೊಣಕೈಯ ನರಕ್ಕೆ ಪೆಟ್ಟಾಗಿ ಚೆಂಡನ್ನು ಚೆನ್ನಾಗಿ ಎಸೆಯಲಾರದವನಾಗಿದ್ದ ಅವನನ್ನು ಹಿಂದೆಂದೂ ನಿಲ್ಲದಿದ್ದ ಮೊದಲನೆಯ ಬೇಸಿನ ಕಾವಲಿಗೆ ನಿಲ್ಲಿಸಿದರು. ಅವನ ಬೇಸ್ ತಲಪುವ ಪ್ರಮಾಣ ಆ ವರ್ಷ 0.374. ತಂಡವು ಸತತವಾಗಿ ಇಪ್ಪತ್ತು ಪಂದ್ಯಗಳನ್ನು ಗೆದ್ದಿತು. ಇಪ್ಪತ್ತನೆಯದರಲ್ಲಿ 11-0 ಮುಂದಿದ್ದು 11-11ಕ್ಕೆ ಇಳಿದಾಗ ಗೆಲುವಿನ ಹೊಡೆತ ಹೊಡೆದವನು ಇದೇ ಹ್ಯಾಟೆಬರ್ಗ್. ವರ್ಷದ ಕೊನೆಗೆ ಓಕ್ಲೆಂಡಿಗೂ ಯಾಂಕೀಸರಿಗೂ ಸರಿಸಮನಾಗಿ 103 ಗೆಲುವುಗಳು.

ಮೈಕೇಲ್ ಲೂಯಿಸನ ‘ಮನಿಬಾಲ್’ ಗ್ರಂಥದಿಂದ ಈ ಕಥೆ 2003ರಲ್ಲಿ ಲೋಕಪ್ರಸಿದ್ಧವಾಯಿತು. ಆದರೆ ಆ ತಂಡದಲ್ಲಿ ಹಡ್ಸನ್, ಮಲ್ಡರ್, ಜೀಟೊ ಎಂಬ ಮೂವರು ಉತ್ಕೃಷ್ಟ ಪಿಚರುಗಳಿದ್ದರೆಂಬುದನ್ನೂ ಆ ವರ್ಷದ ಶ್ರೇಷ್ಠ ಆಟಗಾರನಾದ ಮಿಗೆಲ್ ತೆಹಾದಾ ಅಲ್ಲಿಯೇ ಇದ್ದನೆಂಬುದನ್ನೂ ಗ್ರಂಥದ ಭಕ್ತರು ಮರೆಯುವುದುಂಟು. ಕೊನೆಯ ಸ್ಪರ್ಧೆಗಳಲ್ಲಿ ಓಕ್ಲೆಂಡ್ ಮೊದಲನೆಯ ಸುತ್ತಿನಲ್ಲಿಯೇ ಮಿನೆಸೋಟಾಕ್ಕೆ 3-2ರಲ್ಲಿ ಸೋತಿತು. ಇದರಿಂದ ಸಿದ್ಧಾಂತವೇ ಸುಳ್ಳಾಯಿತೆಂದವರಿದ್ದರು. ಪ್ರತಿ ಪಂದ್ಯದಲ್ಲಿಯೂ ಗೆಲ್ಲುವ ಸಂಭವನೀಯತೆ 0.6 ಇರುವ ತಂಡವು ಐದರಲ್ಲಿ ಮೂರನ್ನು ಗೆಲ್ಲುವ ಸಂಭವನೀಯತೆ 0.68 ಮಾತ್ರ, ಮೂರಕ್ಕೆ ಸುಮಾರು ಒಂದು ಸಲ ಉತ್ತಮ ತಂಡವೇ ಸೋಲುತ್ತದೆ.

ಲೆಕ್ಕಾಚಾರದ ಪಕ್ಷದವರಾದ ನಮ್ಮನ್ನೂ ಕಂಗೆಡಿಸಿದ ದಿನವೊಂದಿದೆ. 2020ರ ಅಕ್ಟೋಬರ್ 27ರಂದು ಟೆಕ್ಸಾಸಿನ ಆರ್ಲಿಂಗ್ಟನ್ನಿನಲ್ಲಿ ವಿಶ್ವ ಸರಣಿಯ ಆರನೆಯ ಪಂದ್ಯ. ಫ್ಲಾರಿಡಾದ ಟಾಂಪಾ ಬೇ ರೇಸ್ ತಂಡಕ್ಕೆ ಸೋತರೆ ಸರಣಿಯೇ ಮುಗಿಯಿತು. ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲಿಸ್ ಸೇರಿದ್ದ ಡಾಡ್ಜರ್ಸ್ ತಂಡವು ಎದುರಾಳಿ. ರೇಸ್ ತಂಡದ ಪಿಚರ್ ಬ್ಲೇಕ್ ಸ್ನೆಲ್ಲನು 73 ಚೆಂಡುಗಳನ್ನೆಸೆದು, ಹದಿನೆಂಟು ದಾಂಡಿಗರಲ್ಲಿ ಒಂಬತ್ತು ಮಂದಿಗೆ ಚೆಂಡು ಮುಟ್ಟಗೊಡದೆ ಔಟು ಮಾಡಿ, ಎರಡೇ ಹೊಡೆತಗಳನ್ನು ಬಿಟ್ಟುಕೊಟ್ಟಿದ್ದನು. ತಂಡವು 1-0 ಮುಂದಿತ್ತು. ಆರನೆಯ ಇನ್ನಿಂಗ್ಸಿನಲ್ಲಿ ಒಬ್ಬನು ಔಟಾಗಿ ಒಬ್ಬನು ಮೊದಲನೆಯ ಬೇಸು ಸೇರಿದೊಡನೆ ಮ್ಯಾನೇಜರ್ ಕೆವಿನ್ ಕ್ಯಾಶ್ ಮೈದಾನಕ್ಕೆ ಬಂದು ಸ್ನೆಲ್ಲನನ್ನು ಹೊರಕ್ಕೆ ಕಳುಹಿಸಿದನು.

ಕಾರಣವಿತ್ತು. ಒಂದೇ ಪಂದ್ಯದಲ್ಲಿ ಒಬ್ಬ ಪಿಚರನನ್ನು ಮೂರನೆಯ ಸಲ ಎದುರಿಸುವ ದಾಂಡಿಗರು ಮೊದಲೆರಡು ಸಲಕ್ಕಿಂತ ಚೆನ್ನಾಗಿ ಆಡುತ್ತಾರೆಂಬುದು ಬಹು ವರ್ಷಗಳ ಲೆಕ್ಕದಿಂದ ಸಿದ್ಧವಾಗಿದೆ. ಸ್ನೆಲ್ಲನು ಎರಡು ಸುತ್ತುಗಳನ್ನು ಸರಿಯಾಗಿ ಮುಗಿಸಿದ್ದನು; ಮೂರನೆಯ ಸುತ್ತು ಆರಂಭವಾಗಬೇಕಾಗಿತ್ತು. ಆದರೆ ಮುಂದೆ ಬರಲಿದ್ದ ಬೆಟ್ಸ್, ಸೀಗರ್, ಟರ್ನರ್ ಎಂಬ ಮೂವರೂ ಅಂದು ಅವನೆದುರು ತಲಾ ಎರಡು ಸಲ ಚೆಂಡು ಮುಟ್ಟದೆ ಔಟಾಗಿದ್ದವರು. ಬದಲಿಗೆ ಬಂದ ನಿಕ್ ಆಂಡರ್ಸನನ ಚೆಂಡನ್ನು ಬೆಟ್ಸ್ ದೂರಕ್ಕೆ ಹೊಡೆದು ಎರಡನೆಯ ಬೇಸು ಸೇರಿದನು. ಕೆಲವೇ ಕ್ಷಣಗಳಲ್ಲಿ ಡಾಡ್ಜರ್ಸಿಗೆ ಎರಡು ಓಟಗಳು. 3-1ರಲ್ಲಿ ಪಂದ್ಯವೂ ಸರಣಿಯೂ ಅವರದಾದವು.

ಫಲವನ್ನು ನೋಡಿ ನಿರ್ಧಾರವನ್ನು ತೂಗುವುದಾದರೆ ವಿಲಿಯಮ್ಸನು ಜಾಣ, ಕ್ಯಾಶ್ ದಡ್ಡ. ಹಾಗೆ ತೂಗಬಾರದು, ವಿಲಿಯಮ್ಸನು 0.41 ಸಂಭವನೀಯತೆಯ ಮೇಲೆ ಪಣ ಕಟ್ಟಿದವನು. ಕ್ಯಾಶನಿಗೆ ಆ ಕ್ಷಣ ಏನು ತಿಳಿದಿತ್ತೆಂಬುದನ್ನೇ ಕೇಳಬೇಕು. ಮೂರನೆಯ ಸುತ್ತಿನ ನಿಯಮವು ಸಾವಿರಾರು ಪಿಚರುಗಳ ಸರಾಸರಿ. ಅವರಲ್ಲಿ ದಣಿದವರೂ ಇದ್ದರು, ಸಾಮಾನ್ಯರೂ ಇದ್ದರು. ಅಂದಿನ ಸ್ನೆಲ್ಲನು ಅವರಲ್ಲೊಬ್ಬನೇ, ಅಲ್ಲವೇ ಎಂಬುದನ್ನು ಹದಿನೆಂಟೇ ದಾಂಡಿಗರಿಂದ ನಿರ್ಧರಿಸುವುದೂ ಕಷ್ಟ. ಆದುದರಿಂದ ಅವನನ್ನು ತೆಗೆದದ್ದನ್ನು, ಅಂದು ಕೂಗಾಡಿದ ನಾವು ಇಂದು ಅರ್ಧ ಮನಸ್ಸಿನಿಂದ ಕ್ಷಮಿಸುತ್ತೇವೆ. ಆಂಡರ್ಸನನನ್ನು ಕರೆದದ್ದನ್ನು ಕ್ಷಮಿಸುವುದಿಲ್ಲ. ಅದಕ್ಕೆ ಹಿಂದಿನ ಹಲವು ಪಂದ್ಯಗಳಲ್ಲಿ ಆತನು ಬಿಡದೆ ಓಟಗಳನ್ನು ಕೊಟ್ಟಿದ್ದನು. ಅದೂ ಲೆಕ್ಕವೇ, ಅದೂ ಕ್ಯಾಶನ ಕೈಯಲ್ಲಿದ್ದ ಪಟ್ಟಿಯಲ್ಲಿಯೇ ಇತ್ತು.

ಎರಡು ವಾರಗಳ ತರುವಾಯ ಅಮೆರಿಕನ್ ಲೀಗಿನ ವರ್ಷದ ಶ್ರೇಷ್ಠ ಮ್ಯಾನೇಜರನ ಹೆಸರು ಪ್ರಕಟವಾಯಿತು. ಆ ಪ್ರಶಸ್ತಿಗೆ ಪತ್ರಿಕಾ ಬರೆಹಗಾರರು ಕೊನೆಯ ಸ್ಪರ್ಧೆಗಳು ಆರಂಭವಾಗುವುದಕ್ಕೆ ಮುಂಚೆಯೇ ಮತ ಹಾಕಿ ಮುಗಿಸಿರುತ್ತಾರೆ. ಗೆದ್ದವನು ಕೆವಿನ್ ಕ್ಯಾಶ್.