ಕ್ರಿಸ್ಮಸ್ ರಜೆಯಲ್ಲಿ ಒಂದು ಮೇಣದ ಬತ್ತಿ

ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಕ್ರೈಸ್ತರ ಮನೆಗಳಲ್ಲಿಯೂ ಇಗರ್ಜಿಗಳಲ್ಲಿಯೂ ಮೇಣದ ಬತ್ತಿಗಳು ಬೆಳಗುತ್ತವೆ. ಕ್ರಿಸ್ಮಸ್ ಆಚರಿಸದ ಮನೆಗಳಲ್ಲಿಯೂ ವಿದ್ಯುತ್ತು ನಿಂತಾಗ ಹುಡುಕುವ ಬತ್ತಿಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇಷ್ಟು ಪರಿಚಿತವಾದ ಈ ವಸ್ತುವಿನಲ್ಲಿ ಉರಿಯುವುದು ಯಾವುದು ಎಂದು ಮನೆಯ ಎಳೆಯರು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಸರಿಯಾದ ಉತ್ತರವನ್ನು ಕೊಟ್ಟೇವು? ನೂಲು ಉರಿಯುತ್ತದೆ ಎನ್ನುವವರು ಕೆಲವರು. ಮೇಣ ಕರಗಿಹೋಗುತ್ತದೆ ಎನ್ನುವವರು ಕೆಲವರು. ಎರಡೂ ಅರೆ ಉತ್ತರಗಳೇ. ಪೂರ್ಣವಾದ ಉತ್ತರವನ್ನು ಬತ್ತಿಯಿಂದಲೇ ಕೇಳಿ ಪಡೆಯುವ ಬಗೆಯನ್ನು ಇಲ್ಲಿ ನೋಡೋಣ.

ರಜೆಯ ದಿನಗಳಲ್ಲಿ ಮಕ್ಕಳೊಡನೆ ವಿಜ್ಞಾನದ ವಿನೋದ ನಡೆಸುವ ಪದ್ಧತಿ ಹೊಸದಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ಎಳೆಯರಿಗಾಗಿ ಕ್ರಿಸ್ಮಸ್ ಉಪನ್ಯಾಸಗಳು ೧೮೨೫ರಲ್ಲಿ ಆರಂಭವಾದುವು. ಎರಡನೆಯ ಮಹಾಯುದ್ಧದ ಕೆಲವು ವರ್ಷಗಳನ್ನು ಬಿಟ್ಟರೆ ಅವು ಇಂದಿಗೂ ನಡೆದುಬಂದಿವೆ. ಅವುಗಳಿಗೆ ಕೀರ್ತಿಯನ್ನು ತಂದವರಲ್ಲಿ ಮೊದಲಿಗನು ಮೈಕೇಲ್ ಫ್ಯಾರಡೆ. ಕಮ್ಮಾರನ ಮಗನಾಗಿ ೧೭೯೧ರಲ್ಲಿ ಹುಟ್ಟಿದ ಈತ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸಬನ್ನು ಕಲಿತು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನದ ರುಚಿಯನ್ನು ಹತ್ತಿಸಿಕೊಂಡನು. ಅಯಸ್ಕಾಂತದ ನೆರವಿನಿಂದ ವಿದ್ಯುತ್ತನ್ನು ಹುಟ್ಟಿಸುವ ತತ್ತ್ವವನ್ನು ೧೮೩೧ರಲ್ಲಿ ಲೋಕಕ್ಕೆ ತಿಳಿಸಿಕೊಟ್ಟವನೂ ಇವನೇ. ಇಂಥ ವಿಜ್ಞಾನಿ ೧೯ ಕ್ರಿಸ್ಮಸ್ ಉಪನ್ಯಾಸಮಾಲೆಗಳನ್ನು ನಡೆಸಿಕೊಟ್ಟು, ೧೮೬೦-೬೧ರ ತನ್ನ ಕೊನೆಯ ಮಾಲೆಗೆ ಆರಿಸಿಕೊಂಡ ವಸ್ತು ಮೇಣದ ಬತ್ತಿ! ಅದೊಂದನ್ನೇ ಕುರಿತು ಆತನು ಆರು ಉಪನ್ಯಾಸಗಳನ್ನು ಮಾಡಿದನು.

ನಮ್ಮ ಪ್ರಯೋಗಗಳಿಗೆ ಬೇಕಾದುದು ನಾಲ್ಕು ಮೇಣದ ಬತ್ತಿ, ಬೆಂಕಿಪೊಟ್ಟಣ, ಅಗಲವಾದ ಗಾಜಿನ ಲೋಟ, ಉಕ್ಕಿನ ಚಮಚ, ತಟ್ಟೆ, ಮತ್ತು ಎಲೆ ಅಡಿಕೆಗೆ ಹಚ್ಚುವ ಸುಣ್ಣ. ಬೆಂಕಿಯ ಕೆಲಸವನ್ನು ದೊಡ್ಡವರೇ ಮಾಡಬೇಕು. ಕೂದಲನ್ನು ಕಟ್ಟಿಕೊಂಡು, ಸೆರಗು, ದಾವಣಿಗಳನ್ನು ಬಿಗಿದುಕೊಂಡು, ಪಕ್ಕದಲ್ಲಿ ಒಂದು ಬಕೆಟ್ ನೀರನ್ನು ಇರಿಸಿಕೊಳ್ಳಬೇಕು.

ಉರಿಯುವುದು ಯಾವುದು?

ಬತ್ತಿಯನ್ನು ಹೊತ್ತಿಸಿ ಐದು ನಿಮಿಷ ಸುಮ್ಮನೆ ನೋಡಿ. ನೂಲಿನ ಸುತ್ತ ಮೇಣ ಕರಗಿ ಒಂದು ಪುಟ್ಟ ಬಟ್ಟಲು ಏರ್ಪಡುತ್ತದೆ. ಕರಗಿದ ಮೇಣವು ನೂಲಿನ ಎಳೆಗಳ ಸಂದುಗಳಲ್ಲಿ ಮೇಲೇರುತ್ತದೆ. ಹಣತೆಯ ಬತ್ತಿಯಲ್ಲಿ ಎಣ್ಣೆ ಏರುವುದೂ ಹೀಗೆಯೇ. ಈಗ ಬತ್ತಿಯನ್ನು ಮೆಲ್ಲನೆ ಊದಿ ಆರಿಸಿ. ಬಿಳಿಯ ಹೊಗೆಯ ಎಳೆಯೊಂದು ಏಳುವುದಷ್ಟೆ? ಕೂಡಲೇ ಉರಿಯುವ ಕಡ್ಡಿಯನ್ನು ನೂಲಿಗೆ ತಾಗಿಸದೆ, ಎರಡು ಸೆಂಟಿಮೀಟರು ಮೇಲೆ, ಆ ಹೊಗೆಯೊಳಗೆ ಹಿಡಿಯಿರಿ. ಜ್ವಾಲೆಯು ಹೊಗೆಯ ದಾರಿಯಲ್ಲಿಯೇ ಕೆಳಗೆ ಹಾರಿ ಬತ್ತಿಯನ್ನು ಹೊತ್ತಿಸುತ್ತದೆ. ಮಕ್ಕಳು ಇದನ್ನು ಹತ್ತು ಬಾರಿ ನೋಡಿದರೂ ಬೇಸರಪಡಲಾರರು.

ಇದರ ಅರ್ಥವೇನು? ಆ ಹೊಗೆ ಮೇಣದ ಆವಿ ತಣಿದು ಆದ ನವುರಾದ ಕಣಗಳ ರಾಶಿ. ಮೇಣವು ಘನವಾಗಿಯಾಗಲಿ ದ್ರವವಾಗಿಯಾಗಲಿ ಉರಿಯುವುದಿಲ್ಲ. ನೂಲಿನ ತುದಿಯಲ್ಲಿ ಆವಿಯಾದ ಮೇಲೆಯೇ ಗಾಳಿಯೊಡನೆ ಸೇರಿ ಉರಿಯುತ್ತದೆ.

ಬೆಳಕು ಎಲ್ಲಿಂದ?

ಜ್ವಾಲೆಯ ಹಳದಿಯ ಭಾಗದಲ್ಲಿ ಚಮಚದ ಬೆನ್ನನ್ನು ಎರಡು ಕ್ಷಣ ಹಿಡಿದು ತೆಗೆಯಿರಿ. ಕಪ್ಪು ಮಸಿ ಅಂಟಿರುತ್ತದೆ. ದೀಪದ ಮೇಲೆ ತಟ್ಟೆಯನ್ನು ಕವುಚಿ ಕಣ್ಣಿಗೆ ಕಾಡಿಗೆ ಮಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಹೊಸ ಸಂಗತಿಯಲ್ಲ. ಮಸಿಯೆಂದರೆ ಬಹುಮಟ್ಟಿಗೆ ಇಂಗಾಲವೇ. ಜ್ವಾಲೆಯೊಳಗೆ ಈ ಸೂಕ್ಷ್ಮ ಕಣಗಳು ಕಾದು ಕೆಂಡದಂತೆ ಹೊಳೆಯುವುದರಿಂದಲೇ ನಮಗೆ ಹಳದಿಯ ಬೆಳಕು ದೊರೆಯುತ್ತದೆ. ಜ್ವಾಲೆಯ ಹೊರ ಅಂಚನ್ನು ಸೇರಿದಾಗ ಅವು ಸುಟ್ಟುಹೋಗುತ್ತವೆ; ಚೆನ್ನಾಗಿ ಉರಿಯುವ ಬತ್ತಿಯಿಂದ ಹೊಗೆ ಏಳದಿರಲು ಇದೇ ಕಾರಣ.

ಮೇಣ ಎಲ್ಲಿಗೆ ಹೋಯಿತು?

ತಣ್ಣಗಿರುವ ಒಣ ಲೋಟವನ್ನು ಜ್ವಾಲೆಯ ಮೇಲೆ ಸ್ವಲ್ಪ ದೂರದಲ್ಲಿ ಬೋರಲಾಗಿ ಹಿಡಿಯಿರಿ. ಗಾಜಿನ ಒಳಮೈ ಮಸುಕಾಗುತ್ತದೆ. ಅದು ನೀರು! ಮೇಣದಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾಗಿದೆ. ೧೦ ಗ್ರಾಂ ಪ್ಯಾರಫಿನ್ ಮೇಣವು ಪೂರ್ಣವಾಗಿ ಉರಿದರೆ ಹುಟ್ಟುವ ನೀರು ಸುಮಾರು ೧೩ ಗ್ರಾಂ. ಮೇಣಕ್ಕಿಂತ ನೀರೇ ಹೆಚ್ಚು ತೂಗುವುದು ಹೇಗೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಗಾಳಿಯಿಂದ ಸೇರಿದ ಆಮ್ಲಜನಕದ ತೂಕವೂ ಅದರಲ್ಲಿದೆ.

ಮೇಣದ ಇಂಗಾಲ ಏನಾಯಿತೆಂದು ತಿಳಿಯಲು ಸುಣ್ಣ ಬೇಕು. ಗೋಲಿಯಷ್ಟು ಸುಣ್ಣವನ್ನು ಒಂದು ಸೀಸೆ ನೀರಿಗೆ ಹಾಕಿ ಕುಲುಕಿ, ರಾತ್ರಿಯೆಲ್ಲ ಇರಿಸಿ, ಬೆಳಗ್ಗೆ ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಇದು ಕಣ್ಣಿಗೂ ಬಾಯಿಗೂ ತಾಗಕೂಡದು. ಉರಿಯುವ ಬತ್ತಿಯ ಮೇಲೆ ಲೋಟವನ್ನು ಕವುಚಿ, ಬತ್ತಿ ಆರಿದೊಡನೆ ಲೋಟದ ಬಾಯನ್ನು ಮುಚ್ಚಿ ಎತ್ತಿ, ಎರಡು ಚಮಚ ತಿಳಿಸುಣ್ಣದ ನೀರನ್ನು ಸುರಿದು ಕುಲುಕಿ. ನೀರು ಹಾಲಿನಂತಾಗುತ್ತದೆ. ಹೋಲಿಕೆಗಾಗಿ, ಬರಿಯ ಗಾಳಿಯಿರುವ ಮತ್ತೊಂದು ಲೋಟದಲ್ಲಿಯೂ ಹಾಗೆಯೇ ಮಾಡಿ. ಅಲ್ಲಿ ತಿಳಿ ಅಷ್ಟಾಗಿ ಕೆಡುವುದಿಲ್ಲ. ಸುಣ್ಣವನ್ನು ಹಾಲುಗೊಳಿಸಿದುದು ಇಂಗಾಲದ ಡೈಆಕ್ಸೈಡ್. ಇನ್ನಷ್ಟು ತಿಳಿಗೆ ಕಾಗದದ ಕೊಳವೆಯಿಂದ ನೀವೇ ಉಸಿರನ್ನು ಮೆಲ್ಲನೆ ಊದಿ, ಹೀರಬೇಡಿ. ಅದೂ ಹಾಲಾಗುತ್ತದೆ! ನಾವು ಉಂಡ ಅನ್ನವೂ ಉರಿಯುವ ಮೇಣವೂ ಆಮ್ಲಜನಕವನ್ನು ಪಡೆದು ಇದೇ ವಾಯುವನ್ನು ಬಿಡುತ್ತವೆ. ಫ್ಯಾರಡೆಯು ತನ್ನ ಕೊನೆಯ ಉಪನ್ಯಾಸದಲ್ಲಿ ಬತ್ತಿಯನ್ನು ನಮ್ಮ ಉಸಿರಾಟಕ್ಕೆ ಹೋಲಿಸಿದುದು ಈ ಕಾರಣದಿಂದ.

ಲೋಟದಲ್ಲಿ ಏರಿದ ನೀರು

ಕೊನೆಯದು ಎಲ್ಲರೂ ಬಲ್ಲ ಪ್ರಯೋಗ. ತಟ್ಟೆಯ ನಡುವೆ ಬತ್ತಿಯನ್ನು ನಿಲ್ಲಿಸಿ, ಶಾಯಿ ಬೆರೆಸಿದ ನೀರನ್ನು ಸುರಿದು, ಬತ್ತಿಯನ್ನು ಹೊತ್ತಿಸಿ ಅದರ ಮೇಲೆ ಲೋಟವನ್ನು ಕವುಚಬೇಕು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಗಾಳಿಯಲ್ಲಿ ಐದನೆಯ ಒಂದು ಪಾಲಿನಷ್ಟಿರುವ ಆಮ್ಲಜನಕವೆಲ್ಲ ಖರ್ಚಾಗಿ, ಆ ಜಾಗಕ್ಕೆ ನೀರು ಬಂದಿತೆಂಬ ವಿವರಣೆಯು ಅನೇಕ ಪಾಠಗಳಲ್ಲಿ ರೂಢವಾಗಿದೆ. ಇದು ನಿಜವೆ? ಬತ್ತಿಯನ್ನೇ ಕೇಳೋಣ.

ಒಂದು ಬತ್ತಿಯಿಂದ ನೀರು ಏರಿದ ಮಟ್ಟಕ್ಕೆ ಲೋಟದ ಮೇಲೆ ಕಾಗದದ ಚೂರನ್ನು ಅಂಟಿಸಿ ಗುರುತು ಮಾಡಿ. ಬಳಿಕ ಅದೇ ಲೋಟದ ಅಡಿಯಲ್ಲಿ ಮೂರು ಬತ್ತಿಗಳನ್ನಿರಿಸಿ ಪ್ರಯೋಗವನ್ನು ಮಾಡಿ. ಲೋಟ ಅದೇ, ಅದರ ಆಮ್ಲಜನಕವೂ ಅಷ್ಟೇ. ಆದರೆ ನೀರು ಹೆಚ್ಚು ಎತ್ತರಕ್ಕೆ ಏರುತ್ತದೆ. ಅಲ್ಲದೆ ನೀರು ರಭಸದಿಂದ ಏರುವುದು ಬತ್ತಿ ಉರಿಯುವಾಗಲ್ಲ, ಆರಿದ ಮೇಲೆ. ಲೋಟವನ್ನು ಕವುಚಿದೊಡನೆ ಅಂಚಿನಿಂದ ಗುಳ್ಳೆಗಳು ಹೊರಬೀಳುವುದನ್ನೂ ಕಾಣಬಹುದು. ಹಳೆಯ ವಿವರಣೆ ಈ ಮೂರು ಸಾಕ್ಷ್ಯಗಳಿಗೂ ಹೊಂದುವುದಿಲ್ಲ.

ನಡೆದುದು ಹೀಗೆ: ಜ್ವಾಲೆಯ ಶಾಖದಿಂದ ಗಾಳಿ ಹಿಗ್ಗಿ, ಒಂದಷ್ಟು ಹೊರಕ್ಕೆ ಹೋಯಿತು. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗಿತು. ಹೊರಗಿನ ವಾಯುಭಾರವು ನೀರನ್ನು ಒಳಕ್ಕೆ ಒತ್ತಿತು. ಮೂರು ಬತ್ತಿಗಳಿಂದ ಶಾಖ ಹೆಚ್ಚಾದುದರಿಂದ ನೀರೂ ಹೆಚ್ಚಾಗಿ ಏರಿತು. ಆಮ್ಲಜನಕ ಕಡಮೆಯಾಗುವುದೂ ನಿಜವೇ. ಆದರೆ ಖರ್ಚಾದುದರಲ್ಲಿ ಮೂರನೆಯ ಎರಡು ಪಾಲಿನಷ್ಟು ಜಾಗವನ್ನು ಹೊಸದಾಗಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಗಾಳಿಯ ನೂರು ಪಾಲಿನಲ್ಲಿ ಸುಮಾರು ೧೬ ಪಾಲು ಆಮ್ಲಜನಕ ಉಳಿದಿರುವಾಗಲೇ ಬತ್ತಿ ಆರುವುದರಿಂದ, ಎಲ್ಲವೂ ಖರ್ಚಾಯಿತೆಂಬ ಮಾತೂ ನಿಲ್ಲುವುದಿಲ್ಲ.

ಅಚ್ಚಾದ ಮಾತನ್ನು ಮೂರು ಮೇಣದ ಬತ್ತಿಗಳು ತಿದ್ದಬಲ್ಲವು. ವಿಜ್ಞಾನದ ಜೀವಾಳವೇ ಇದು. ಆದುದರಿಂದ ತಮ್ಮ ತಂಗಿಯರಿಗೆ ಮೊದಲೇ ಉತ್ತರವನ್ನು ಹೇಳಿಕೊಡಬೇಡಿ. ಏನಾದೀತೆಂದು ಅವರಿಂದಲೇ ಊಹೆ ಮಾಡಿಸಿ, ಬರೆದಿಟ್ಟು, ಬಳಿಕ ಮಾಡಿ ನೋಡಿ. ಇನ್ನೊಂದು ಪ್ರಶ್ನೆಯನ್ನು ನಿಮಗಾಗಿ ಉಳಿಸಿದ್ದೇವೆ: ಬತ್ತಿಯನ್ನು ಓರೆಯಾಗಿ ಹಿಡಿದರೂ ಜ್ವಾಲೆಯ ತುದಿ ಮೇಲಕ್ಕೇ ಇರುವುದೇಕೆ?