ದೂರ ಸೂತ್ರದಿಂದ ಕಾಲೇಜಿನ ಆಯ್ಕೆಗೆ: ಗೇಮ್ ತಯಾರಿಕೆ ಓದಬಯಸುವ ಮಕ್ಕಳಿಗಾಗಿ ಎರಡು ಅವಧಿಗಳ ಪಾಠ

ಪೀಠಿಕೆ

ಹತ್ತನೇ ತರಗತಿಯ ಮಕ್ಕಳನ್ನು ಮುಂದೇನು ಓದುತ್ತೀರಿ ಎಂದು ಕೇಳಿದರೆ ಡಾಕ್ಟರ್, ಇಂಜಿನಿಯರ್, ಪೊಲೀಸ್ ಎಂಬ ಉತ್ತರಗಳ ನಡುವೆ ಈಗ 'ಗೇಮ್ ಡೆವಲಪರ್' ಎಂಬ ಉತ್ತರವೂ ಕೇಳಿಬರುತ್ತದೆ. ನನ್ನ ಬೋಧನಾಭ್ಯಾಸ ನಡೆದ ಶಿವಾರಪಟ್ಟಣದಲ್ಲೂ ಹಾಗೆಯೇ ಆಯಿತು. ಮಾಲೂರು ತಾಲ್ಲೂಕಿನ ಈ ಊರು ಶಿಲ್ಪಿಗಳ ಊರೆಂದೇ ಹೆಸರಾದದ್ದು. ಇಲ್ಲಿನ ಅನೇಕ ಮಕ್ಕಳು ಉಳಿಯ ಸದ್ದು ಕೇಳುತ್ತಲೇ ಬೆಳೆದವರು. ಅಂಥ ಮನೆಯೊಂದರ ಹುಡುಗ ಗಣಿತದ ಅವಧಿ ಮುಗಿದ ಮೇಲೆ ಒಂದು ಬಣ್ಣದ ಕರಪತ್ರ ತಂದು ತೋರಿಸಿ, "ಮಿಸ್, ಎಸ್ಸೆಸ್ಸೆಲ್ಸಿ ಆದ್ಮೇಲೆ ಇಲ್ಲಿಗೇ ಸೇರ್ಕೋಬೋದಾ?" ಎಂದು ಕೇಳಿದ. ಅದು ನಗರದ ಒಂದು ಖಾಸಗಿ ಸಂಸ್ಥೆಯ ಒಂದು ವರ್ಷದ ಕೋರ್ಸಿನದು. ಶುಲ್ಕಕ್ಕೆ ಸಾಲ ಮಾಡಬೇಕಾಗಬಹುದು ಎಂದು ಮನೆಯಲ್ಲಿ ಮಾತು ನಡೆದಿತ್ತು.

ಒಬ್ಬನಿಗೆ ಹೌದು, ಅಲ್ಲ ಎಂದು ಹೇಳಿ ಕಳುಹಿಸುವುದಕ್ಕಿಂತ ತರಗತಿಯ ಎಲ್ಲ ಮಕ್ಕಳೂ ಇಂಥ ಕರಪತ್ರವನ್ನು ತಾವೇ ಓದಿ ತೂಗುವಂತಾದರೆ ಒಳ್ಳೆಯದು ಎನ್ನಿಸಿತು. ಆದರೆ ಆ ಕೆಲಸದಲ್ಲಿ ಏನಿದೆ ಎಂದು ತಿಳಿಯದೆ ಅದನ್ನು ಕಲಿಸುವ ಕಾಲೇಜನ್ನು ತೂಗಲಾಗದು. ಹಾಗಾಗಿ ಪಾಠವನ್ನು ಎರಡು ಅವಧಿಗಳಾಗಿ ಯೋಜಿಸಿದೆ. ಮೊದಲನೆಯದು ನಿರ್ದೇಶಾಂಕ ರೇಖಾಗಣಿತದ ದೂರ ಸೂತ್ರದ ಪಾಠ, ಎರಡನೆಯದು ಕಾಲೇಜಿನ ಆಯ್ಕೆ. ಮಾರ್ಗದರ್ಶಕ ಶಿಕ್ಷಕರು ಪಾಠಯೋಜನೆ ನೋಡಿ, ಪಠ್ಯದಿಂದ ಆಚೆ ಹೋಗದ ಕಾರಣ ಒಪ್ಪಿದರು.

ಕಲಿಕಾ ಫಲಗಳು

1. ದೂರ ಸೂತ್ರವನ್ನು ಎರಡು ವೃತ್ತಗಳು ತಾಗುತ್ತವೆಯೇ ಎಂದು ಪರೀಕ್ಷಿಸಲು ಬಳಸುವರು.
2. ಗೇಮ್ ತಯಾರಿಕೆಯಲ್ಲಿ ಪ್ರೋಗ್ರಾಮಿಂಗ್, ಚಿತ್ರ-ಶಿಲ್ಪ, ಆಟದ ವಿನ್ಯಾಸ ಎಂಬ ಬೇರೆ ಬೇರೆ ಕೆಲಸಗಳಿವೆ ಎಂದು ಗುರುತಿಸುವರು.
3. ಒಂದು ಕಾಲೇಜಿಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳನ್ನು ತಾವೇ ಪಟ್ಟಿ ಮಾಡುವರು.

ಮೊದಲ ಅವಧಿ: ತಾಗಿತೋ ಇಲ್ಲವೋ?

ತೊಡಗಿಸಿಕೊಳ್ಳುವುದು: ಮೊಬೈಲ್ ಆಟದಲ್ಲಿ ಗೊಂಬೆ ನಾಣ್ಯವನ್ನು ಮುಟ್ಟಿದ ಕೂಡಲೇ ಅಂಕ ಬರುತ್ತದೆ. ಮುಟ್ಟಿತು ಎಂದು ಮೊಬೈಲಿಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಕಣ್ಣಿಲ್ಲವಲ್ಲ? "ಸೆನ್ಸರ್ ಇರುತ್ತೆ ಮಿಸ್" ಎಂದರು ಕೆಲವರು. ಉತ್ತರ ಹೇಳದೆ ಗ್ರಾಫ್ ಹಾಳೆ ಹಂಚಿದೆ.

ಪರಿಶೋಧಿಸುವುದು: ಗೊಂಬೆಯನ್ನು 3 ಮಾನ ತ್ರಿಜ್ಯದ ವೃತ್ತ, ನಾಣ್ಯವನ್ನು 4 ಮಾನ ತ್ರಿಜ್ಯದ ವೃತ್ತ ಎಂದುಕೊಳ್ಳಲು ಹೇಳಿದೆ. ನಾಣ್ಯದ ಕೇಂದ್ರ (8, 11)ರಲ್ಲಿ ನಿಂತಿದೆ. ಗೊಂಬೆಯ ಕೇಂದ್ರ ಮೊದಲು (2, 3)ರಲ್ಲಿ, ಆಮೇಲೆ (5, 7)ರಲ್ಲಿ, ಕೊನೆಗೆ (8, 4)ರಲ್ಲಿ. ಕೈವಾರದಿಂದ ಬರೆದು ನೋಡಿದ ಮಕ್ಕಳು ಮೊದಲ ಸಲ ತಾಗುವುದಿಲ್ಲ, ಎರಡನೆಯ ಸಲ ಒಂದರೊಳಗೊಂದು ಸೇರುತ್ತವೆ, ಮೂರನೆಯ ಸಲ ಅಂಚಿಗೆ ಅಂಚು ತಾಗುತ್ತವೆ ಎಂದು ಕಂಡುಕೊಂಡರು.

ವಿವರಿಸುವುದು: ಈಗ ಚಿತ್ರವಿಲ್ಲದೆ ಬರೀ ಲೆಕ್ಕದಿಂದ ಹೇಳಬೇಕು. ತ್ರಿಜ್ಯಗಳ ಮೊತ್ತ 3 + 4 = 7. ಮೊದಲ ಸ್ಥಾನದಲ್ಲಿ ಕೇಂದ್ರಗಳ ದೂರ √(36 + 64) = 10, ಅದು 7ಕ್ಕಿಂತ ಹೆಚ್ಚು, ತಾಗಿಲ್ಲ. ಎರಡನೆಯದರಲ್ಲಿ √(9 + 16) = 5, ಕಡಿಮೆ, ತಾಗಿದೆ. ಮೂರನೆಯದರಲ್ಲಿ √(0 + 49) = 7, ಸಮ, ಆಗಷ್ಟೇ ತಾಗಿದೆ. ಕಂಪ್ಯೂಟರ್ ಮಾಡುವುದೂ ಇದೇ ಲೆಕ್ಕ. ಇಲ್ಲಿ ಒಬ್ಬಳು ಹುಡುಗಿ, "ವರ್ಗಮೂಲ ಯಾಕೆ ಬೇಕು ಮಿಸ್? 100ನ್ನ 49ರ ಜೊತೆ ಹೋಲಿಸಿದ್ರೆ ಸಾಕಲ್ವಾ?" ಎಂದಳು. ಪ್ರೋಗ್ರಾಮರುಗಳು ಮಾಡುವುದೂ ಹೀಗೆಯೇ. ವರ್ಗಮೂಲ ತೆಗೆಯುವ ಶ್ರಮ ಉಳಿಯಲೆಂದು ದೂರದ ವರ್ಗವನ್ನೇ ಹೋಲಿಸುತ್ತಾರೆ. ಅದನ್ನು ತಿಳಿಸಿದಾಗ ಇಡೀ ತರಗತಿಗೆ ಆದ ಖುಷಿ ದೊಡ್ಡದು.

ವಿಸ್ತರಿಸುವುದು: ಪರದೆಯ ಮೇಲೆ 20 ವಸ್ತುಗಳಿದ್ದರೆ ಎಷ್ಟು ಜೋಡಿಗಳನ್ನು ನೋಡಬೇಕು? ಕೈಕುಲುಕುವ ಲೆಕ್ಕ ನೆನಪಿಸಿದೆ. 20 × 19 ÷ 2 = 190. ಸಾಮಾನ್ಯವಾಗಿ ಆಟದ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುವುದರಿಂದ ಒಂದು ಸೆಕೆಂಡಿಗೆ 11,400 ಲೆಕ್ಕ. 100 ವಸ್ತುಗಳಾದರೆ 4,950 ಜೋಡಿ, ಸೆಕೆಂಡಿಗೆ 2,97,000 ಲೆಕ್ಕ. ವಸ್ತುಗಳು ಐದು ಪಟ್ಟಾದರೆ ಲೆಕ್ಕ ಇಪ್ಪತ್ತಾರು ಪಟ್ಟಾಗುತ್ತದೆ. ಹಾಗಾದರೆ ಎಲ್ಲವನ್ನೂ ನೋಡದೆ ಹತ್ತಿರದವನ್ನಷ್ಟೇ ನೋಡುವ ಉಪಾಯ ಬೇಕು. ಮಕ್ಕಳು ಪರದೆಯನ್ನು ಚೌಕಗಳಾಗಿ ಭಾಗ ಮಾಡಿ, ಒಂದೇ ಚೌಕ ಮತ್ತು ಅದರ ಅಕ್ಕಪಕ್ಕದ ಚೌಕಗಳಲ್ಲಿರುವವನ್ನು ಮಾತ್ರ ನೋಡಬಹುದು ಎಂದರು. ಈ ಬಗೆಯ ಉಪಾಯಗಳನ್ನು ಕಲಿಸುವ ವಿಷಯಕ್ಕೆ ಕಾಲೇಜಿನಲ್ಲಿ 'ಡೇಟಾ ಸ್ಟ್ರಕ್ಚರ್ಸ್ ಮತ್ತು ಆಲ್ಗಾರಿದಮ್ಸ್' ಎಂದು ಹೆಸರು. ಈ ಹೆಸರನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಅಳಿಸದೆ ಉಳಿಸಿದೆ.

ಎರಡನೆಯ ಅವಧಿ: ಯಾವ ಕೆಲಸ, ಯಾವ ದಾರಿ?

ಮೂರು ಗುಂಪು ಮಾಡಿ ಒಂದೇ ಆಟವನ್ನು ಮೂರು ಕಣ್ಣಿನಿಂದ ನೋಡಲು ಹೇಳಿದೆ. ಲೆಕ್ಕ ಮತ್ತು ನಿಯಮ ಬರೆಯುವವರು ಒಂದು ಗುಂಪು. ಗೊಂಬೆ, ಕಟ್ಟಡ, ಮರಗಳ ಆಕಾರ ಮಾಡುವವರು ಎರಡನೆಯದು. ಆಟ ಎಲ್ಲಿ ಸುಲಭ, ಎಲ್ಲಿ ಕಷ್ಟ ಎಂದು ತೀರ್ಮಾನಿಸುವವರು ಮೂರನೆಯದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ 'ರಾಜಿ' ಆಟದ ಚಿತ್ರಗಳನ್ನು ತೋರಿಸಿದೆ. ಅದರ ಕೋಟೆ, ಮಂಟಪ, ವಿಗ್ರಹಗಳನ್ನು ನೋಡಿ "ಇದು ನಮ್ಮೂರ ಕೆಲಸ ಇದ್ದಂಗಿದೆ" ಎಂದರು ಮಕ್ಕಳು. ವಿಗ್ರಹ ಕೆತ್ತುವವರು ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು, ತಾಳಕ್ಕೆ 12 ಅಂಗುಲದಂತೆ ನವತಾಳಕ್ಕೆ 108 ಅಂಗುಲ ಎಂದು ಅಳತೆ ಕಟ್ಟುವ ಲೆಕ್ಕ ಕೆಲವರಿಗೆ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಮೂರು ಆಯಾಮದ ಗೊಂಬೆ ಮಾಡುವವರಿಗೂ ಬೇಕಾದದ್ದು ಇದೇ ಪ್ರಮಾಣಜ್ಞಾನ.

ಆಮೇಲೆ ದಾರಿಗಳನ್ನು ಹೀಗೆ ಪಟ್ಟಿ ಮಾಡಿದೆವು.

ಪ್ರೋಗ್ರಾಮಿಂಗ್ ಬೇಕೆನ್ನುವವರು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತದ ಜೊತೆಗೆ ರಸಾಯನಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡು ಸಿಇಟಿ ಮೂಲಕ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗಿಗೆ ಹೋಗಬಹುದು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರುತ್ತದೆ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಓದಿ, ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರುವುದು ಇನ್ನೊಂದು ದಾರಿ. ಬಿಸಿಎ ಮೂರನೆಯದು. ಕೋಲಾರ ಜಿಲ್ಲೆಯ ಪದವಿ ಕಾಲೇಜುಗಳು ಟಮಕದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ.

ಆಕಾರ ಮಾಡುವ ಕೆಲಸ ಬೇಕೆನ್ನುವವರಿಗೆ ದೃಶ್ಯಕಲಾ ಪದವಿ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ಇದಕ್ಕೆ ಹೆಸರಾದವು. ವಿನ್ಯಾಸ ಬೇಕೆನ್ನುವವರಿಗೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆ ಇದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಆವರಣದಲ್ಲಿ ಡಿಜಿಟಲ್ ಗೇಮ್ ಡಿಸೈನ್ ಇರುವುದು ಪದವಿಯ ನಂತರದ ಎಂ.ಡಿಸೈನ್ ಹಂತದಲ್ಲಿ.

ಈ ಪಟ್ಟಿಯಿಂದ ಮಕ್ಕಳು ಒಂದು ಮುಖ್ಯ ಸಂಗತಿಯನ್ನು ಹೆಕ್ಕಿದರು. ದೃಶ್ಯಕಲೆಗೂ ಯುಸೀಡ್‌ಗೂ ಪಿಯುಸಿಯ ಯಾವ ವಿಭಾಗದವರೂ ಹೋಗಬಹುದು. ಇಂಜಿನಿಯರಿಂಗಿಗೆ ಗಣಿತ, ಭೌತಶಾಸ್ತ್ರ ಬೇಕೇ ಬೇಕು. ಆದ್ದರಿಂದ ಇನ್ನೂ ಮನಸ್ಸು ಗಟ್ಟಿಯಾಗದವರು ಗಣಿತವನ್ನು ಬಿಡದಿದ್ದರೆ ಎರಡೂ ಬಾಗಿಲು ತೆರೆದಿರುತ್ತವೆ.

ಕಾಲೇಜಿನಲ್ಲಿ ಕೇಳಬೇಕಾದ ಆರು ಪ್ರಶ್ನೆಗಳು

ಗುಂಪುಗಳು ಬರೆದವನ್ನು ಒಟ್ಟುಗೂಡಿಸಿ ಸಿದ್ಧಪಡಿಸಿದ ಪಟ್ಟಿ ಇದು. ಸಹಪ್ರಶಿಕ್ಷಣಾರ್ಥಿಗಳು ತಮ್ಮ ಶಾಲೆಗಳಲ್ಲಿ ಬಳಸಬಹುದು.

1. ಪದವಿ ಕೊಡುವವರು ಯಾರು? ವಿಶ್ವವಿದ್ಯಾಲಯದ ಹೆಸರು ಬೇಕು. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ, ಅದನ್ನು ನೋಡಬೇಕು. ಸಂಸ್ಥೆಯೇ ಕೊಡುವ ಪ್ರಮಾಣಪತ್ರ ಪದವಿಯಲ್ಲ.

2. ಮೊದಲ ಸೆಮಿಸ್ಟರಿನಿಂದ ಕೊನೆಯವರೆಗಿನ ಪಠ್ಯಕ್ರಮ ಎಲ್ಲಿ? ಅದರಲ್ಲಿ ವೆಕ್ಟರ್, ಮ್ಯಾಟ್ರಿಕ್ಸ್, ಡೇಟಾ ಸ್ಟ್ರಕ್ಚರ್ಸ್ ಇವೆಯೇ, ಅಥವಾ ಬರೀ ಸಾಫ್ಟ್‌ವೇರ್‌ಗಳ ಹೆಸರಿವೆಯೇ? ಯೂನಿಟಿ ಕಂಪನಿ 2023ರಲ್ಲಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕವೆಂದು ಘೋಷಿಸಿತು, 2024ರಲ್ಲಿ ಅದನ್ನು ಕೈಬಿಟ್ಟಿತು. ಆ ನಡುವೆ ಹಲವು ತಯಾರಕರು ಗೋಡೋದಂಥ ಬೇರೆ ಉಪಕರಣಗಳತ್ತ ಹೊರಳಿದರು. ಒಂದೇ ಉಪಕರಣ ಕಲಿತವರಿಗೆ ಇದು ಕಷ್ಟ, ಅದರ ಹಿಂದಿನ ಗಣಿತ ಕಲಿತವರಿಗೆ ಅಷ್ಟು ಕಷ್ಟವಲ್ಲ.

3. ಕೊನೆಯ ವರ್ಷದ ವಿದ್ಯಾರ್ಥಿಗಳು ಮಾಡಿದ ಆಟವನ್ನು ಆಡಿ ನೋಡಬಹುದೇ? ಅದರಲ್ಲಿ ಯಾರು ಯಾವ ಭಾಗ ಮಾಡಿದರು?

4. ಲ್ಯಾಬಿನಲ್ಲಿ ಒಬ್ಬರಿಗೊಂದು ಕಂಪ್ಯೂಟರ್ ಇದೆಯೇ? ತರಗತಿ ಮುಗಿದ ಮೇಲೂ ತೆರೆದಿರುತ್ತದೆಯೇ? ಕಲಿಸುವವರು ತಾವೇ ಆಟ ಮಾಡಿದವರೇ?

5. ಲ್ಯಾಪ್‌ಟಾಪ್, ಹಾಸ್ಟೆಲ್, ಪರೀಕ್ಷಾ ಶುಲ್ಕ ಸೇರಿ ಒಟ್ಟು ಎಷ್ಟು? ಸರ್ಕಾರದ ವಿದ್ಯಾರ್ಥಿವೇತನ ಸಿಗುತ್ತದೆಯೇ? ಮಧ್ಯದಲ್ಲಿ ಬಿಟ್ಟರೆ ಹಣ ಮರಳುವುದೇ? ಮಾಲೂರಿನಿಂದ ವೈಟ್‌ಫೀಲ್ಡ್ ಕಡೆಗೆ ರೈಲಿರುವುದರಿಂದ ಓಡಾಡಿಕೊಂಡು ಓದಲು ಆಗುವುದೇ ಎಂಬುದನ್ನೂ ಮಕ್ಕಳೇ ಸೇರಿಸಿದರು.

6. ಈ ಉದ್ಯಮದಲ್ಲಿ ಕೆಲಸ ಸಿಗದಿದ್ದರೆ ಈ ಪದವಿ ಬೇರೆಲ್ಲಿ ನಡೆಯುತ್ತದೆ? 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಎಂದರೆ ಎಷ್ಟು ಜನರಲ್ಲಿ ಎಷ್ಟು ಜನ, ಯಾವ ಕೆಲಸಕ್ಕೆ?

ಆರನೆಯ ಪ್ರಶ್ನೆಗೆ ಎರಡೂ ಬಗೆಯ ಉದಾಹರಣೆ ಕೊಟ್ಟೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಕಂಪನಿಯನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಕರ್ನಾಟಕ ಸರ್ಕಾರ 2012ರಲ್ಲಿಯೇ ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ಪ್ರತ್ಯೇಕ ನೀತಿ ತಂದಿತು, 2024ರಲ್ಲಿ ಹೊಸ ನೀತಿ ಬಂತು. ಅದೇ ಬೆಂಗಳೂರಿನಲ್ಲಿ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಸಾವಿರಾರು ಜನರ ಕೆಲಸ ಹೋಯಿತು. ಉದ್ಯಮ ಇದೆ, ಭದ್ರತೆಯ ಭರವಸೆ ಇಲ್ಲ. ಎರಡನ್ನೂ ತಿಳಿದೇ ಹೆಜ್ಜೆ ಇಡಬೇಕು.

ಮೌಲ್ಯಮಾಪನ

ಆರು ಪ್ರಶ್ನೆಗಳನ್ನು ಹುಡುಗ ತಂದ ಕರಪತ್ರಕ್ಕೆ ಅನ್ವಯಿಸಲು ಗುಂಪುಗಳಿಗೆ ಹೇಳಿದೆ. ಸಂಸ್ಥೆಯ ಹೆಸರಿನ ಭಾಗವನ್ನು ಮಡಚಿ ಉಳಿದದ್ದನ್ನಷ್ಟೇ ಕೊಟ್ಟೆ. ವಿಶ್ವವಿದ್ಯಾಲಯದ ಹೆಸರಿಲ್ಲ, ಸೆಮಿಸ್ಟರುಗಳ ವಿವರವಿಲ್ಲ, ಎಂಟು ಸಾಫ್ಟ್‌ವೇರ್‌ಗಳ ಹೆಸರಿವೆ, ಗಣಿತದ ಮಾತೇ ಇಲ್ಲ ಎಂದು ಮಕ್ಕಳು ಬರೆದರು. ಕಪ್ಪುಹಲಗೆಯ ಮೂಲೆಯಲ್ಲಿ ಉಳಿಸಿದ್ದ ಹೆಸರನ್ನು ಕರಪತ್ರದಲ್ಲಿ ಹುಡುಕಿ, ಸಿಗಲಿಲ್ಲ ಎಂದವಳು ವರ್ಗಮೂಲದ ಪ್ರಶ್ನೆ ಕೇಳಿದ ಹುಡುಗಿಯೇ. "ಪಿಯುಸಿ ಆದ್ಮೇಲೆ ರಜೆಯಲ್ಲಿ ಕಲಿಯೋಕೆ ಆಗ್ಬೋದು, ಇದನ್ನೇ ನಂಬ್ಕೊಂಡು ಪಿಯುಸಿ ಬಿಡೋಕಾಗಲ್ಲ" ಎಂಬುದು ಒಂದು ಗುಂಪಿನ ತೀರ್ಮಾನ. ನಾನು ಹೇಳಬೇಕೆಂದಿದ್ದ ಮಾತನ್ನು ಅವರೇ ಹೇಳಿದ್ದರು.

ಪೋಷಕರೊಂದಿಗೆ

ಪೋಷಕರ ಸಭೆಯ ದಿನ ಆ ಹುಡುಗನ ತಂದೆ ಬಂದಿದ್ದರು. "ಮೇಡಂ, ಇದು ದುಡ್ಡಿಟ್ಟು ಆಡೋ ರಮ್ಮಿ ಥರದ್ದೇ ಅಲ್ವಾ? ಇದಕ್ಕೂ ಕಾಲೇಜು ಬೇಕಾ?" ಎಂದು ಕೇಳಿದರು. ಈ ಅನುಮಾನ ಅನೇಕ ಪೋಷಕರಿಗಿದೆ, ಅದನ್ನು ಹಗುರಾಗಿ ಕಾಣಬಾರದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನ ಕಾಯ್ದೆಯಲ್ಲಿ ನಿಷೇಧಿಸಿದೆ, ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ ಮತ್ತು ಹಣವಿಲ್ಲದ ಆಟಗಳನ್ನು ಬೇರೆಯಾಗಿಯೇ ಕಂಡಿದೆ ಎಂದು ವಿವರಿಸಿದೆ. ನಂತರ ಲ್ಯಾಪ್‌ಟಾಪಿನಲ್ಲಿ ಬ್ಲೆಂಡರ್ ತೆರೆದು ತೋರಿಸಿದೆ. ಇದು ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಒಂದು ಗೋಳವನ್ನು ಎಳೆದು, ಒತ್ತಿ ಮುಖದ ಆಕಾರ ತರುವುದನ್ನು ಅವರು ಸುಮ್ಮನೆ ನೋಡಿದರು. "ಮೂಗು ತಪ್ಪಿದ್ರೆ ವಾಪಸ್ ಬರುತ್ತಾ?" ಎಂದರು. ಬರುತ್ತದೆ ಎಂದು ಒಂದು ಕೀಲಿ ಒತ್ತಿ ತೋರಿಸಿದೆ. "ನಮಗೆ ಅದೊಂದಿಲ್ಲ ನೋಡಿ" ಎಂದು ನಕ್ಕರು. ಪ್ರಶ್ನೆಗಳ ಪಟ್ಟಿಯನ್ನು ಜೇಬಿಗಿಟ್ಟುಕೊಂಡು, ಸಾಲದ ಮಾತನ್ನು ಫಲಿತಾಂಶ ಬರುವವರೆಗೆ ಮುಂದೂಡುವುದಾಗಿ ಹೇಳಿದರು. ಹುಡುಗ ವಿಜ್ಞಾನ ಪಿಯುಸಿಯೋ ಡಿಪ್ಲೊಮಾವೋ ಎಂದು ಇನ್ನೂ ಯೋಚಿಸುತ್ತಿದ್ದಾನೆ.

ಅವಲೋಕನ ಮತ್ತು ಸಲಹೆಗಳು

ವೃತ್ತಿ ಮಾರ್ಗದರ್ಶನವನ್ನು ವರ್ಷಕ್ಕೊಂದು ಭಾಷಣವಾಗಿ ಮಾಡುವುದಕ್ಕಿಂತ ವಿಷಯ ಪಾಠದೊಳಗೆ ಸೇರಿಸಿದರೆ ಮಕ್ಕಳು ಕೋರ್ಸಿನ ಹೆಸರಿಗೆ ಮರುಳಾಗದೆ ಅದರೊಳಗಿನ ಕೆಲಸವನ್ನು ನೋಡುತ್ತಾರೆ. ದೂರ ಸೂತ್ರವನ್ನು 'ಇದು ಎಲ್ಲಿ ಉಪಯೋಗ?' ಎನ್ನುತ್ತಿದ್ದ ಮಕ್ಕಳು ಈ ಅವಧಿಯಲ್ಲಿ ತಾವೇ ಹೊಸ ಸ್ಥಾನಗಳನ್ನು ಕೊಟ್ಟುಕೊಂಡು ಲೆಕ್ಕ ಮಾಡಿದರು.

ಈ ಪಾಠ ಮಾಡುವವರಿಗೆ ಮೂರು ಸಲಹೆ. ಮೊದಲ ಅವಧಿಗೆ ಕಂಪ್ಯೂಟರ್ ಬೇಕಿಲ್ಲ, ಗ್ರಾಫ್ ಹಾಳೆ ಸಾಕು. ಕಾಲೇಜುಗಳ ಶುಲ್ಕ, ಅರ್ಹತೆ ವರ್ಷ ವರ್ಷ ಬದಲಾಗುವುದರಿಂದ ಅವನ್ನು ಕಪ್ಪುಹಲಗೆಯಲ್ಲಿ ಬರೆದುಕೊಡದೆ ಎಲ್ಲಿ ನೋಡಬೇಕೆಂದು ಕಲಿಸಬೇಕು. ಊರಿನ ಕಸುಬನ್ನು ಪಾಠಕ್ಕೆ ತರಬೇಕು. ಶಿವಾರಪಟ್ಟಣದಲ್ಲಿ ಅದು ಶಿಲ್ಪ, ಇನ್ನೊಂದು ಊರಿನಲ್ಲಿ ರೇಷ್ಮೆಯೋ ನೇಯ್ಗೆಯೋ ಆಗಬಹುದು. ಭೌತಶಾಸ್ತ್ರದ ಪ್ರಶಿಕ್ಷಣಾರ್ಥಿಗಳು ಇದೇ ಕ್ರಮದಲ್ಲಿ ಒಂಬತ್ತನೇ ತರಗತಿಯ ಚಲನೆಯ ಸಮೀಕರಣಗಳನ್ನು, ಆಟದ ಗೊಂಬೆ ನೆಗೆದು ಇಳಿಯುವ ಲೆಕ್ಕದ ಮೂಲಕ ಕಲಿಸಿ ನೋಡಬಹುದು.