ಅಗೆ, ತೋಡು, ಕೊರೆ

ಗುದ್ದಲಿ, ಹಾರೆ, ಪಿಕಾಸಿ. ಇವು ನಮಗೆ ಹೊಸವಲ್ಲ. ಇವುಗಳಿಂದ ಮಾಡುವ ಕೆಲಸವೂ ಹೊಸದಲ್ಲ. ಆ ಕೆಲಸದ ಮಾತುಗಳನ್ನು ಈ ಪಾಠದಲ್ಲಿ ಓದೋಣ, ಬರೆಯೋಣ.

ಇಂಗ್ಲಿಷಿನಲ್ಲಿ ‘ಡಿಗ್’ ಎಂಬ ಮಾತಿದೆ. ಮಣ್ಣಿಗೂ ಅದೇ, ಗುಂಡಿಗೂ ಅದೇ, ಬಾವಿಗೂ ಅದೇ. ನಾವು ಹಾಗೆ ಹೇಳುವುದಿಲ್ಲ. ಕೆಲಸ ನೋಡಿ ಮಾತು ಆಡುತ್ತೇವೆ.

ಮಣ್ಣು ಅಗೆ.
ಬಾವಿ ತೋಡು.
ಅಡಿಕೆ ಸಸಿಗೆ ಗುಂಡಿ ತೆಗೆ.
ಬೋರ್ ಕೊರೆ.
ಕೋಳಿ ತಿಪ್ಪೆ ಕೆದಕುತ್ತದೆ.

ಅಗೆ ಮತ್ತು ಅಗಿ

ಆಡುವಾಗ ಇವೆರಡೂ ಒಂದೇ ಥರ ಕೇಳಿಸುತ್ತವೆ. ಬರೆಯುವಾಗ ಬೇರೆ ಬೇರೆ. ಎಲೆ-ಅಡಿಕೆ ಅಗಿಯುತ್ತೇವೆ. ಮಣ್ಣು ಅಗೆಯುತ್ತೇವೆ. ‘ಗಿ’ ಬರೆದರೆ ಬಾಯಿಯ ಕೆಲಸ. ‘ಗೆ’ ಬರೆದರೆ ಗುದ್ದಲಿಯ ಕೆಲಸ. ನಮ್ಮ ಮಲೆನಾಡಿನಲ್ಲಿ ಭತ್ತದ ಎಳೆ ಸಸಿಗೂ ‘ಅಗೆ’ ಎನ್ನುತ್ತಾರೆ. ಯಾವ ಅರ್ಥ ಎಂಬುದು ಪೂರ್ತಿ ವಾಕ್ಯ ಓದಿದರೆ ತಿಳಿಯುತ್ತದೆ.

ಗಾದೆಯಲ್ಲೂ ಇದೆ

ದೊಡ್ಡ ಕೆಲಸ ಮಾಡಿ ಚೂರು ಲಾಭ ಬಂದರೆ ‘ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು’ ಅಂತೇವೆ. ಇನ್ನೊಬ್ಬರಿಗೆ ಕೇಡು ಬಗೆದವನು ‘ತಾನು ತೋಡಿದ ಗುಂಡಿಗೆ ತಾನೇ ಬಿದ್ದ’. ಮರೆತ ಜಗಳ ಮತ್ತೆ ಎತ್ತಿದರೆ, ‘ಹಳೇದನ್ನೆಲ್ಲ ಕೆದಕಬೇಡ ಮಾರಾಯ’ ಅಂತೇವೆ. ಇಲ್ಲಿ ಗುದ್ದಲಿ ಇಲ್ಲ, ಮಣ್ಣೂ ಇಲ್ಲ. ಮಾತು ಮಾತ್ರ ಅದೇ.

ನೆಲ ಅಗೆದರೆ ಏನು ಸಿಗುತ್ತದೆ?

ಕಬ್ಬಿಣ ಸಿಗುತ್ತದೆ. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ತಯಾರಿ ಶುರುವಾಯಿತು. ಅದಕ್ಕೆ ಅದಿರು ಬಂದದ್ದು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಆ ಹೆಸರನ್ನು ಬಿಡಿಸಿ ಓದಿ: ಕೆಂಪು, ಮಣ್ಣು, ಗುಂಡಿ. ಊರಿನ ಹೆಸರಲ್ಲೇ ನೆಲದ ಕಥೆ ಇದೆ. ಹೀಗೆ ಅದಿರು ತೆಗೆಯುವುದಕ್ಕೆ ‘ಗಣಿಗಾರಿಕೆ’ ಎನ್ನುತ್ತಾರೆ.

ಅಕ್ಷರವೂ ಸಿಗುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013-14ರಲ್ಲಿ ಪುರಾತತ್ವ ಇಲಾಖೆಯವರು ದೇವಸ್ಥಾನದ ಬಳಿ ನೆಲ ಅಗೆದರು. ಆಗ ಒಂದು ಶಾಸನದ ಕಲ್ಲು ಸಿಕ್ಕಿತು. ಅದರಲ್ಲಿ ಕನ್ನಡವೂ ಇದೆ. ಅದು ಕ್ರಿ.ಶ. 370ರ ಸುಮಾರಿನದು ಎಂದು ಇಲಾಖೆಯವರು ಹೇಳಿದ್ದಾರೆ. ಹಾಗೆ ಹುಷಾರಾಗಿ, ಪದರ ಪದರವಾಗಿ ಅಗೆಯುವುದಕ್ಕೆ ‘ಉತ್ಖನನ’ ಎಂದು ಹೆಸರು.

ಅಗೆಯುವ ಮೊದಲು ಓದಿ

ಅಗೆತದಲ್ಲಿ ಅಪಾಯವೂ ಇದೆ. ಪೇಟೆಯಲ್ಲಿ ನೆಲದ ಕೆಳಗೆ ಕರೆಂಟಿನ ಕೇಬಲ್ ಇರುತ್ತದೆ, ನೀರಿನ ಪೈಪೂ ಇರುತ್ತದೆ. ‘ಇಲ್ಲಿ ಅಗೆಯಬಾರದು’ ಎಂಬ ಬೋರ್ಡು ಕಂಡರೆ ಹಾರೆ ಕೆಳಗಿಡಿ. ಬೋರ್ಡು ಇಲ್ಲದಿದ್ದರೂ ಕೇಳಿ. ಕೇಬಲ್ ವಿಷಯ ಮೆಸ್ಕಾಂ ಕಚೇರಿಯವರು ಹೇಳುತ್ತಾರೆ. ಆಳದ ಗುಂಡಿ ತೆಗೆಯುವಾಗ ಮಣ್ಣನ್ನು ಅಂಚಿಗೇ ರಾಶಿ ಹಾಕಬೇಡಿ. ಭಾರಕ್ಕೆ ಅಂಚು ಕುಸಿದರೆ ಒಳಗಿದ್ದವರ ಮೇಲೇ ಬೀಳುತ್ತದೆ.

ತೆರೆದ ಬೋರ್ ಇನ್ನೂ ಅಪಾಯ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಒಂದು ಪುಟ್ಟ ಮಗು ಬೋರಿಗೆ ಬಿತ್ತು. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಸುಮಾರು 20 ಗಂಟೆ ಹೋರಾಡಿ ಮಗುವನ್ನು ಉಳಿಸಿದರು. ಎಲ್ಲ ಮಕ್ಕಳಿಗೂ ಇಂಥ ಅದೃಷ್ಟ ಇರುವುದಿಲ್ಲ.

ಬೋರ್ ಕೊರೆಸುವವರಿಗೆ ಸುಪ್ರೀಂ ಕೋರ್ಟು 2010ರಲ್ಲಿ ನಿಯಮ ಮಾಡಿದೆ. ಅವುಗಳಲ್ಲಿ ಕೆಲವನ್ನು ಓದಿ:

1. ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ಬರೆದು ತಿಳಿಸಬೇಕು.
2. ಜಾಗದಲ್ಲಿ ಬೋರ್ಡು ಹಾಕಬೇಕು. ಕೊರೆಯುವವರ ವಿಳಾಸ, ಮಾಲೀಕರ ವಿಳಾಸ ಅದರಲ್ಲಿರಬೇಕು.
3. ಸುತ್ತ ಬೇಲಿ ಹಾಕಬೇಕು. ಬೋರಿನ ಬಾಯಿ ಭದ್ರವಾಗಿ ಮುಚ್ಚಬೇಕು.
4. ನೀರು ಬಾರದೆ ಬಿಟ್ಟ ಬೋರನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಹಾಕಿ ತುಂಬಬೇಕು.

ಆ ಬೋರ್ಡು ಇದೆಯೋ ಇಲ್ಲವೋ, ಅದರಲ್ಲಿ ಏನು ಬರೆದಿದೆ ಎಂದು ನಾವೀಗ ಓದಬಲ್ಲೆವು. ಊರಿನಲ್ಲಿ ಬಾಯಿ ತೆರೆದ ಬೋರ್ ಕಂಡರೆ ಪಂಚಾಯಿತಿಗೆ ಅರ್ಜಿ ಬರೆಯಬಲ್ಲೆವು. ತೋಡಿದವರು ಮುಚ್ಚದೆ ಹೋದರೆ, ಮುಚ್ಚಿಸುವ ಕೆಲಸ ನಮ್ಮದು.

ಅಭ್ಯಾಸ

ಅ. ಬಿಟ್ಟ ಜಾಗ ತುಂಬಿ: ಅಜ್ಜಿ ಅಡಿಕೆ ______. ಅಣ್ಣ ಮಣ್ಣು ______. (ಅಗೆದ, ಅಗಿದಳು)

ಆ. ‘ತೋಡು’, ‘ಕೊರೆ’, ‘ಕೆದಕು’ ಸೇರಿಸಿ ಒಂದೊಂದು ವಾಕ್ಯ ಬರೆಯಿರಿ.

ಇ. ನಿಮ್ಮೂರಿನಲ್ಲಿ ಮುಚ್ಚದ ಬೋರ್ ಇದೆಯೇ? ಎಲ್ಲಿದೆ? ಎರಡು ಸಾಲು ಬರೆದು ಪಂಚಾಯಿತಿಗೆ ಕೊಡಿ.